ಕೋವಿಡ್ ನಿರ್ಬಂಧಗಳು ಮತ್ತು ಮಕ್ಕಳ ತೀವ್ರ ಬ್ಯಾಕ್ಟೀರಿಯಾ ಸೋಂಕುಗಳು: ಇಳಿದದ್ದೇಕೆ, ಮತ್ತೆ ಏರಿದ್ದೇಕೆ?

ಪ್ರಶ್ನೆ: ನನ್ನ ಮಗಳು 2020ರ ಆರಂಭದಲ್ಲಿ ಹುಟ್ಟಿದವಳು. ಮೊದಲ ಎರಡು ವರ್ಷ ಅವಳಿಗೆ ನೆಗಡಿ ಕೂಡ ಅಪರೂಪವಾಗಿತ್ತು. ಶಾಲೆಗೆ ಸೇರಿಸಿದ ಮೇಲೆ ಒಂದರ ಹಿಂದೆ ಒಂದರಂತೆ ಕಾಯಿಲೆ ಬಂದು, ಒಮ್ಮೆ ನ್ಯುಮೋನಿಯಾ ಆಗಿ ಆಸ್ಪತ್ರೆಗೂ ಸೇರಿಸಬೇಕಾಯಿತು. ಲಾಕ್‌ಡೌನ್ ಮತ್ತು ಮಾಸ್ಕ್‌ನಿಂದ ಮಕ್ಕಳ ರೋಗನಿರೋಧಕ ಶಕ್ತಿ ಕುಗ್ಗಿದೆ, ಅದಕ್ಕೇ ಗಂಭೀರ ಬ್ಯಾಕ್ಟೀರಿಯಾ ಸೋಂಕುಗಳು ಹೆಚ್ಚಾದವು ಎಂದು ಹಲವರು ಹೇಳುತ್ತಾರೆ. ಇದು ನಿಜವೇ? ಆ ಅವಧಿಯಲ್ಲಿ ಇಂಥ ಸೋಂಕುಗಳು ನಿಜವಾಗಿಯೂ ಕಡಿಮೆಯಾಗಿದ್ದವೇ, ಅಥವಾ ಜನ ಆಸ್ಪತ್ರೆಗೆ ಹೋಗದ ಕಾರಣ ಲೆಕ್ಕಕ್ಕೆ ಸಿಗಲಿಲ್ಲವೇ? ಮುಂದೆ ನಾವು ಏನು ಎಚ್ಚರಿಕೆ ವಹಿಸಬೇಕು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಮೊದಲನೆಯದಕ್ಕೆ ಉತ್ತರಿಸಲು ಬರುವುದಿಲ್ಲ. ಸೋಂಕುಗಳು ಕಡಿಮೆಯಾದದ್ದು ನಿಜ. ಆದರೆ ಅದಕ್ಕೆ ಕಾರಣ ಜನಸಾಮಾನ್ಯರು ಊಹಿಸುವಂಥದ್ದಲ್ಲ, ಮೊದಮೊದಲು ನಮ್ಮಂಥ ವೈದ್ಯರು ಊಹಿಸಿದ್ದೂ ಅಲ್ಲ.

ತೀವ್ರ ಬ್ಯಾಕ್ಟೀರಿಯಾ ಸೋಂಕು ಎಂದಾಗ ನಾವು ಹೇಳುವುದು ಸಾಮಾನ್ಯ ಗಂಟಲು ನೋವು ಅಥವಾ ಕಿವಿ ನೋವನ್ನಲ್ಲ. ರಕ್ತ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ, ಶ್ವಾಸಕೋಶದ ಹೊದಿಕೆಯೊಳಗಿನ ಜಾಗ, ಕೀಲು ಇತ್ಯಾದಿ ಸ್ಥಳಗಳಲ್ಲಿ ಸಹಜವಾಗಿ ಯಾವ ಬ್ಯಾಕ್ಟೀರಿಯಾವೂ ಇರಕೂಡದು. ಅಲ್ಲಿಗೆ ಅವು ನುಗ್ಗಿದಾಗ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಹದಗೆಡುವ ಸ್ಥಿತಿ), ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಕೀವು ತುಂಬಿದ ನ್ಯುಮೋನಿಯಾ ಮುಂತಾದ, ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆಗಳು ಬರುತ್ತವೆ. ಆರೋಗ್ಯವಂತ ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವವು ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜಾ (ಹೆಸರು ಹೀಗಿದ್ದರೂ ಇದು ಫ್ಲೂ ವೈರಸ್ ಅಲ್ಲ, ಬ್ಯಾಕ್ಟೀರಿಯಾ) ಮತ್ತು ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಈ ನಾಲ್ಕೂ ಮೂಗು ಮತ್ತು ಗಂಟಲಿನಲ್ಲಿ ವಾಸಿಸುತ್ತವೆ, ಕೆಮ್ಮು, ಸೀನು, ಎಂಜಲು ಮತ್ತು ಹತ್ತಿರದ ಒಡನಾಟದ ಮೂಲಕ ಹರಡುತ್ತವೆ.

2020ರಲ್ಲಿ ಇವುಗಳ ಗತಿ ಏನಾಯಿತು ಎಂಬುದನ್ನು ಐರಿಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗಾಲಯಗಳ ಒಕ್ಕೂಟವು 26 ದೇಶ ಮತ್ತು ಪ್ರಾಂತಗಳ ದಾಖಲೆಗಳಿಂದ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿತು. ಜನರ ಓಡಾಟ ಗಣನೀಯವಾಗಿ ತಗ್ಗಿದ 4 ವಾರಗಳ ಹೊತ್ತಿಗೆ ನ್ಯುಮೊಕಾಕಸ್‌ನ ತೀವ್ರ ಸೋಂಕುಗಳು ಶೇಕಡಾ 68ರಷ್ಟು, 8 ವಾರಗಳ ಹೊತ್ತಿಗೆ ಶೇಕಡಾ 82ರಷ್ಟು ಇಳಿದಿದ್ದವು. ಇದು ಎಲ್ಲ ವಯೋಮಾನದವರನ್ನೂ ಸೇರಿಸಿದ ಲೆಕ್ಕ. ಮೆನಿಂಗೊಕಾಕಸ್ ಮತ್ತು ಹಿಮೋಫಿಲಸ್ ಸೋಂಕುಗಳೂ ಹಾಗೆಯೇ ಕುಸಿದವು. ನಿಮ್ಮ ಸಂಶಯ ಆ ಸಂಶೋಧಕರಿಗೂ ಇತ್ತು: ಪ್ರಯೋಗಾಲಯಗಳೆಲ್ಲ ಕೋವಿಡ್ ಪರೀಕ್ಷೆಯಲ್ಲೇ ಮುಳುಗಿದ್ದಾಗ ಉಳಿದ ಸೋಂಕುಗಳು ಲೆಕ್ಕದಿಂದ ತಪ್ಪಿಹೋಗಿರಬಹುದಲ್ಲವೇ? ಅದನ್ನು ಪರೀಕ್ಷಿಸಲು ಅವರು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನೂ ಜೊತೆಯಲ್ಲೇ ಎಣಿಸಿದರು. ನವಜಾತ ಶಿಶುಗಳಲ್ಲಿ ಸೆಪ್ಸಿಸ್ ಉಂಟುಮಾಡುವ ಇದು ಉಸಿರಿನಿಂದ ಹರಡುವುದಿಲ್ಲ, ಸಾಮಾನ್ಯವಾಗಿ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಪರೀಕ್ಷೆ ಮತ್ತು ವರದಿಯ ಕೊರತೆಯೇ ಇಳಿಕೆಗೆ ಕಾರಣವಾಗಿದ್ದರೆ ಇದೂ ಇಳಿಯಬೇಕಿತ್ತು. ಇಳಿಯಲಿಲ್ಲ. ಆ ಅಧ್ಯಯನದಲ್ಲಿ ನನಗೆ ಅತ್ಯಂತ ಮನವರಿಕೆಯಾಗುವ ಭಾಗ ಇದೇ.

ಹಾಗೆಂದು ಆಸ್ಪತ್ರೆಗೆ ಬರಲು ಹೆದರಿದವರು ಇರಲಿಲ್ಲವೆಂದಲ್ಲ. ಇಟಲಿಯ ಐದು ಆಸ್ಪತ್ರೆಗಳಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಮಕ್ಕಳ ತುರ್ತು ಚಿಕಿತ್ಸಾ ಭೇಟಿಗಳು ಹಿಂದಿನ ವರ್ಷಗಳ ಅದೇ ಅವಧಿಗಿಂತ ಶೇಕಡಾ 73ರಿಂದ 88ರಷ್ಟು ಕಡಿಮೆಯಾದವು, ತಡವಾಗಿ ಬಂದು ಕೈಮೀರಿದ ಪ್ರಕರಣಗಳೂ ಅಲ್ಲಿ ದಾಖಲಾದವು. ಸೆಪ್ಸಿಸ್‌ನಲ್ಲಿ ಅರ್ಧ ದಿನದ ವಿಳಂಬವೂ ದುಬಾರಿ. ಆದ್ದರಿಂದ ಒಟ್ಟು ಸಂಖ್ಯೆ ಇಳಿದರೂ, ಬಂದ ಮಕ್ಕಳಲ್ಲಿ ಕೆಲವರು ಎಂದಿಗಿಂತ ಹೆಚ್ಚು ಅಸ್ವಸ್ಥರಾಗಿ ಬಂದರು. ಅಂಕಿಅಂಶ ಓದುವಾಗ ಇಲ್ಲೊಂದು ಮೋಸವಿದೆ. ವೈರಸ್ ಜ್ವರಗಳು ಕಣ್ಮರೆಯಾದಾಗ, ಜ್ವರವೆಂದು ಬಂದ ಹಸುಳೆಗಳಲ್ಲಿ ಮೂತ್ರನಾಳದ ಸೋಂಕು ಇರುವವರ ಶೇಕಡಾವಾರು ಪ್ರಮಾಣ ತಾನಾಗಿಯೇ ಮೇಲೇರುತ್ತದೆ. ಕರುಳಿನ ಬ್ಯಾಕ್ಟೀರಿಯಾದಿಂದ ಬರುವ ಆ ಸೋಂಕಿಗೂ ಮಾಸ್ಕಿಗೂ ಸಂಬಂಧವಿಲ್ಲವಾದ್ದರಿಂದ ಅದು ವೈರಸ್ ಜ್ವರಗಳಂತೆ ಮಾಯವಾಗಲಿಲ್ಲ, ಭಾಗಿಸುವ ಸಂಖ್ಯೆ, ಅಂದರೆ ಜ್ವರವೆಂದು ಬಂದ ಒಟ್ಟು ಹಸುಳೆಗಳ ಸಂಖ್ಯೆ, ಮಾತ್ರ ಕುಗ್ಗಿತು. ಇದನ್ನು ಗಮನಿಸದೆ ‘ಕೋವಿಡ್ ಕಾಲದಲ್ಲಿ ಮಕ್ಕಳಲ್ಲಿ ಬ್ಯಾಕ್ಟೀರಿಯಾ ಸೋಂಕು ಹೆಚ್ಚಿತು’ ಎಂದು ಬರೆದವರಿದ್ದಾರೆ.

ಈಗ ಕಾರಣಕ್ಕೆ ಬರೋಣ. ಶಾಲೆ ಮುಚ್ಚಿತು, ಮಕ್ಕಳು ಬೆರೆಯಲಿಲ್ಲ, ಬ್ಯಾಕ್ಟೀರಿಯಾ ಹರಡಲಿಲ್ಲ, ರೋಗ ಬರಲಿಲ್ಲ ಎಂಬ ವಿವರಣೆ ಸರಳವಾಗಿದೆ. ನ್ಯುಮೊಕಾಕಸ್ ವಿಷಯದಲ್ಲಿ ಇದು ನಿಜವಾಗಿದ್ದರೆ ಮಕ್ಕಳ ಮೂಗಿನಿಂದ ಆ ಬ್ಯಾಕ್ಟೀರಿಯಾ ಮಾಯವಾಗಿರಬೇಕಿತ್ತು. ದಕ್ಷಿಣ ಇಸ್ರೇಲ್‌ನಲ್ಲಿ 5 ವರ್ಷದೊಳಗಿನ ಮಕ್ಕಳ ಮೂಗಿನ ಹಿಂಭಾಗದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯುವ ಕೆಲಸ ಸಾಂಕ್ರಾಮಿಕಕ್ಕೆ ಮುಂಚಿನಿಂದಲೂ ನಡೆದುಬಂದಿತ್ತು, ಮತ್ತು ಆ ಅವಧಿಯಲ್ಲೂ ನಿಲ್ಲಲಿಲ್ಲ. ಆ ಮಾದರಿಗಳಲ್ಲಿ ನ್ಯುಮೊಕಾಕಸ್ ಕೊಂಚ ಮಾತ್ರ ಕಡಿಮೆಯಾಗಿತ್ತು. ಅದೇ ತಿಂಗಳುಗಳಲ್ಲಿ ಅದರಿಂದ ಬರುವ ತೀವ್ರ ಕಾಯಿಲೆ ಮತ್ತು ನ್ಯುಮೋನಿಯಾ ಮಾತ್ರ ಬಹುವಾಗಿ ಇಳಿದಿದ್ದವು. ಬ್ಯಾಕ್ಟೀರಿಯಾ ಮನೆಯಲ್ಲೇ ಇತ್ತು, ಅಣ್ಣನಿಂದ ತಂಗಿಗೆ ದಾಟುತ್ತಲೂ ಇತ್ತು, ಆದರೆ ಕಾಯಿಲೆ ತರಲಿಲ್ಲ.

ಕಾಣೆಯಾಗಿದ್ದದ್ದು ವೈರಸ್‌ಗಳು. ಇನ್‌ಫ್ಲುಯೆಂಜಾ (ಫ್ಲೂ), ಹಸುಳೆಗಳಿಗೆ ಉಬ್ಬಸದಂಥ ಕಾಯಿಲೆ ತರುವ ಆರ್‌ಎಸ್‌ವಿ, ಅದರ ಬಳಗದ್ದೇ ಆದ ಮೆಟಾನ್ಯುಮೊವೈರಸ್ ಈ ಮೂರೂ ಆಗ ಬಹುತೇಕ ಇಲ್ಲವಾಗಿದ್ದವು, ಮತ್ತು ಅವು ಮರಳಿದಾಗಲೇ ನ್ಯುಮೊಕಾಕಸ್ ಕಾಯಿಲೆಯೂ ಮರಳಿತು. ಸಾಮಾನ್ಯ ನೆಗಡಿ ತರುವ ರೈನೊವೈರಸ್ ಮಾತ್ರ ಇಡೀ ಅವಧಿಯಲ್ಲಿ ಹರಡುತ್ತಲೇ ಇತ್ತು, ಆದರೂ ಅದೊಂದರಿಂದಲೇ ತೀವ್ರ ಕಾಯಿಲೆಗಳು ಹೆಚ್ಚಲಿಲ್ಲ. ಇನ್‌ಫ್ಲುಯೆಂಜಾದ ಬಿ ಯಮಗಾಟಾ ಎಂಬ ಪ್ರಭೇದವಂತೂ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ, ಅದನ್ನು ಫ್ಲೂ ಲಸಿಕೆಯಿಂದ ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು.

ವೈರಸ್‌ಗೂ ಬ್ಯಾಕ್ಟೀರಿಯಾಕ್ಕೂ ಈ ನಂಟು ಹೇಗೆ? ನಮ್ಮ ಶ್ವಾಸನಾಳದ ಒಳಮೈಯಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಲೋಳೆಯನ್ನೂ ಅದರಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾವನ್ನೂ ಎಡೆಬಿಡದೆ ಮೇಲಕ್ಕೆ ದೂಡುತ್ತಿರುತ್ತವೆ. ಇನ್‌ಫ್ಲುಯೆಂಜಾ ಈ ಜೀವಕೋಶಗಳನ್ನೇ ನಾಶಮಾಡುತ್ತದೆ. ಅದರ ಮೇಲ್ಮೈಯಲ್ಲಿರುವ ನ್ಯುರಾಮಿನಿಡೇಸ್ ಎಂಬ ಕಿಣ್ವವು ಜೀವಕೋಶದ ಹೊರಗಿನ ಸಕ್ಕರೆಯ ತುದಿಗಳನ್ನು ಕತ್ತರಿಸಿದಾಗ ನ್ಯುಮೊಕಾಕಸ್ ಅಂಟಿಕೊಳ್ಳಬಲ್ಲ ಜಾಗಗಳು ಬಯಲಾಗುತ್ತವೆ, ಹಾಗೆ ಬಿಡುಗಡೆಯಾದ ಸಕ್ಕರೆ ಬ್ಯಾಕ್ಟೀರಿಯಾಕ್ಕೆ ಆಹಾರವೂ ಆಗುತ್ತದೆ. ವೈರಸ್ ವಿರುದ್ಧ ಸಜ್ಜಾದ ದೇಹದ ರಕ್ಷಣಾ ಕೋಶಗಳು ಕೆಲವು ದಿನ ಬ್ಯಾಕ್ಟೀರಿಯಾವನ್ನು ನುಂಗುವುದರಲ್ಲಿ ಮಂದವಾಗುತ್ತವೆ. ಹೀಗಾಗಿ, ತಿಂಗಳುಗಟ್ಟಲೆ ಮೂಗಿನಲ್ಲಿ ತೊಂದರೆ ಕೊಡದೆ ಇದ್ದ ಬ್ಯಾಕ್ಟೀರಿಯಾ ಆ ವಾರದಲ್ಲಿ ಶ್ವಾಸಕೋಶಕ್ಕೂ ರಕ್ತಕ್ಕೂ ಇಳಿಯುತ್ತದೆ. ಇದು ಹೊಸ ವಿಚಾರವೇನೂ ಅಲ್ಲ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ವೈರಸ್ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಎಂಬುದು ಅಂದಿನ ಶವಪರೀಕ್ಷೆಯ ಅಂಗಾಂಶಗಳಿಂದ ತಿಳಿದುಬಂದಿದೆ. ಆದರೆ ವೈರಸ್‌ಗಳನ್ನು ಒಟ್ಟಾಗಿ ತೆಗೆದುಹಾಕಿದರೆ ಏನಾಗುತ್ತದೆ ಎಂದು ನೋಡುವ ಅವಕಾಶ ಅದಕ್ಕೂ ಮುನ್ನ ಯಾರಿಗೂ ಸಿಕ್ಕಿರಲಿಲ್ಲ.

ಮೆನಿಂಗೊಕಾಕಸ್ ಕಥೆ ಬೇರೆ. ಅದು ಹೊಸದಾಗಿ ಗಂಟಲಿಗೆ ಬಂದ ಕೆಲವೇ ದಿನಗಳಲ್ಲಿ ಕಾಯಿಲೆ ತಂದರೆ ತರುತ್ತದೆ, ಇಲ್ಲವಾದರೆ ಸುಮ್ಮನೆ ಉಳಿದುಬಿಡುತ್ತದೆ. ಅದನ್ನು ಹೆಚ್ಚಾಗಿ ಹೊತ್ತು ತಿರುಗುವವರು ಹದಿಹರೆಯದವರು. ಆದ್ದರಿಂದ ಅಲ್ಲಿ ಒಡನಾಟ ನಿಂತದ್ದೇ ನೇರ ಕಾರಣವಾಗಿರಬೇಕೆಂಬುದು ನನ್ನ ಅಭಿಪ್ರಾಯ. 2021ರ ಜುಲೈನಲ್ಲಿ ನಿರ್ಬಂಧಗಳನ್ನು ತೆಗೆದ ಮೇಲೆ ಇಂಗ್ಲೆಂಡಿನಲ್ಲಿ ಈ ಕಾಯಿಲೆ ಮೊದಲು ಮರಳಿದ್ದು ಹದಿಹರೆಯದವರು ಮತ್ತು ಯುವಜನರಲ್ಲೇ.

ಮರಳಿಕೆ ಎಲ್ಲ ಕಡೆ ಒಂದೇ ರೀತಿ ಆಗಲಿಲ್ಲ. ಜರ್ಮನಿಯಲ್ಲಿ ಮಕ್ಕಳ ತೀವ್ರ ನ್ಯುಮೊಕಾಕಸ್ ಸೋಂಕು 2021ರ ಬೇಸಿಗೆಯ ಹೊತ್ತಿಗೇ ಹಳೆಯ ಮಟ್ಟಕ್ಕೆ ಬಂದಿತ್ತು. ಇಂಗ್ಲೆಂಡಿನಲ್ಲಿ ಅದೇ ವರ್ಷದ ಉತ್ತರಾರ್ಧದಲ್ಲಿ 15 ವರ್ಷದೊಳಗಿನವರಲ್ಲಿ ಅದು ಸಾಂಕ್ರಾಮಿಕಕ್ಕೆ ಮುಂಚಿನ ಮಟ್ಟವನ್ನು ದಾಟಿತು. ಚಳಿಗಾಲದ ಕಾಯಿಲೆ ಎನಿಸಿಕೊಂಡಿದ್ದ ಆರ್‌ಎಸ್‌ವಿ 2021ರಲ್ಲಿ ಅಮೆರಿಕದಲ್ಲಿ ನಡುಬೇಸಿಗೆಯಲ್ಲೇ ಆಸ್ಪತ್ರೆಗಳನ್ನು ತುಂಬಿತು.

ನಿಮ್ಮಂಥ ಪೋಷಕರ ಆತಂಕಕ್ಕೆ ನಿಜವಾದ ಮೂಲ 2022ರ ಕೊನೆಯ ತಿಂಗಳುಗಳು ಎಂದು ತೋರುತ್ತದೆ. ಆ ವರ್ಷದ ಡಿಸೆಂಬರ್ 15ರಂದು ವಿಶ್ವ ಆರೋಗ್ಯ ಸಂಸ್ಥೆಯು ಫ್ರಾನ್ಸ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ವೀಡನ್ ಮತ್ತು ಬ್ರಿಟನ್‌ಗಳಲ್ಲಿ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್‌ನ ತೀವ್ರ ಸೋಂಕು ಮತ್ತು ಸ್ಕಾರ್ಲೆಟ್ ಜ್ವರ (ಅದೇ ಬ್ಯಾಕ್ಟೀರಿಯಾದ ವಿಷದಿಂದ ಮೈಮೇಲೆ ಕೆಂಪು ದದ್ದು ಏಳುವ ಜ್ವರ) ಹೆಚ್ಚಿರುವುದನ್ನು ಪ್ರಕಟಿಸಿತು. ಹೆಚ್ಚು ಬಾಧಿತರಾದವರು 10 ವರ್ಷದೊಳಗಿನ ಮಕ್ಕಳು. ಸಾಮಾನ್ಯವಾಗಿ ಗಂಟಲು ನೋವಿಗಷ್ಟೇ ಕಾರಣವಾಗುವ ಈ ಬ್ಯಾಕ್ಟೀರಿಯಾ ಆ ಬಾರಿ ಬ್ರಿಟನ್ನಿನ ಅನೇಕ ಮಕ್ಕಳ ಎದೆಗೂಡಿನಲ್ಲಿ ಕೀವು ತುಂಬಿಸಿತು. ಅಂಥ ಮಗು ಹೇಗೆ ಬರುತ್ತದೆ ಎಂದರೆ, ನಾಲ್ಕೈದು ದಿನದ ಫ್ಲೂ ಅಥವಾ ನೆಗಡಿಯ ನಂತರ ಜ್ವರ ಇಳಿಯದೆ, ಒಂದು ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದು, ನೋವಿಗೆ ಹೆದರಿ ಗಿಡ್ಡ ಗಿಡ್ಡ ಉಸಿರು ತೆಗೆದುಕೊಳ್ಳುತ್ತಾ ಆ ಪಕ್ಕಕ್ಕೇ ವಾಲಿ ಕುಳಿತಿರುತ್ತದೆ. ಸ್ಟೆತಸ್ಕೋಪ್ ಇಟ್ಟರೆ ಒಂದು ಕಡೆ ಉಸಿರಿನ ಸದ್ದೇ ಕೇಳಿಸುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಕ್ಕೆಲುಬಿನ ಕೆಳಗೆ ದ್ರವ ಕಾಣುತ್ತದೆ, ಕೊಳವೆ ಹಾಕಿದಾಗ ಗಟ್ಟಿ ಹಳದಿ ಕೀವು ಹೊರಬರುತ್ತದೆ. ಆ ಕೀವಿನ ಹನಿಯನ್ನು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಕುರಿಯ ರಕ್ತ ಬೆರೆಸಿದ ಕೆಂಪು ಅಗಾರ್ ತಟ್ಟೆಯ ಮೇಲೆ ಎಳೆದು ಒಂದು ರಾತ್ರಿ ಬೆಚ್ಚಗಿಟ್ಟರೆ, ಬೆಳಿಗ್ಗೆ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಎದ್ದಿರುತ್ತವೆ. ಪ್ರತಿ ಚುಕ್ಕೆಯ ಸುತ್ತ ರಕ್ತಕಣಗಳೆಲ್ಲ ಕರಗಿ ತಟ್ಟೆ ತಿಳಿಯಾಗಿದ್ದರೆ ಅದು ಗ್ರೂಪ್ ಎ ಎಂಬ ಗುಮಾನಿ ಬಲವಾಗುತ್ತದೆ. ನ್ಯುಮೊಕಾಕಸ್ ಆಗಿದ್ದರೆ ಆ ವಲಯ ಹಸಿರು ಛಾಯೆಯಲ್ಲಿರುತ್ತದೆ. ಆಸ್ಪತ್ರೆಗೆ ಬರುವ ಮುನ್ನವೇ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟೋ ಸಲ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ.

ಈ ಏರಿಕೆಗೆ ಒಂದೇ ಕಾರಣ ಹುಡುಕುವವರಿಗೆ ನಿರಾಶೆಯಾಗುತ್ತದೆ. ಎರಡು ವರ್ಷಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಒಮ್ಮೆಯೂ ಎದುರಿಸದ ಮಕ್ಕಳು ಒಟ್ಟಿಗೇ ತರಗತಿಗಳಿಗೆ ಬಂದರು. ಅದೇ ಹೊತ್ತಿಗೆ ಆರ್‌ಎಸ್‌ವಿ, ಮೆಟಾನ್ಯುಮೊವೈರಸ್ ಮತ್ತು ಇನ್‌ಫ್ಲುಯೆಂಜಾ ಒಂದರ ಮೇಲೊಂದು ಬಂದವು. ಗ್ರೂಪ್ ಎ ಸೋಂಕಿಗೆ ಚೆನ್ನಾಗಿ ದಾರಿಮಾಡಿಕೊಡುವ ಚಿಕನ್‌ಪಾಕ್ಸ್ ಕೂಡ ಹರಡುತ್ತಿತ್ತು. ಇವೆಲ್ಲದರ ಜೊತೆಗೆ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್‌ನದೇ ಎಂ1ಯುಕೆ ಎಂಬ ತಳಿಯೊಂದಿತ್ತು. ಹಳೆಯ ಎಂ1 ತಳಿಗಿಂತ ಹಲವು ಪಟ್ಟು ಹೆಚ್ಚು ಸ್ಕಾರ್ಲೆಟ್ ಜ್ವರದ ವಿಷವನ್ನು ಉತ್ಪಾದಿಸಬಲ್ಲ ಇದನ್ನು ಇಂಗ್ಲೆಂಡಿನ ಸಂಶೋಧಕರು ವಿವರಿಸಿದ್ದು 2019ರಲ್ಲಿ, ಅಂದರೆ ಕೋವಿಡ್‌ಗೆ ಮುನ್ನ. ಲಾಕ್‌ಡೌನ್ ಆಗಿರದಿದ್ದರೂ ಈ ತಳಿ ಒಂದಲ್ಲ ಒಂದು ದಿನ ತನ್ನ ಪ್ರತಾಪ ತೋರಿಸುತ್ತಿತ್ತು ಎಂದು ನಾನು ಭಾವಿಸುತ್ತೇನೆ. ಅದೇ ಚಳಿಗಾಲದಲ್ಲಿ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಮತ್ತು ಪೆನಿಸಿಲಿನ್ ದ್ರವರೂಪದ ಔಷಧಗಳಿಗೆ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಕೊರತೆ ಉಂಟಾದದ್ದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು.

ಹಾಗಾದರೆ ನಿಮ್ಮ ಮಗಳ ರೋಗನಿರೋಧಕ ಶಕ್ತಿ ಕುಗ್ಗಿದೆಯೇ? ಇಲ್ಲ. ಬಳಸದಿದ್ದರೆ ಸೊರಗುವ ಸ್ನಾಯುವಿನಂಥದ್ದಲ್ಲ ರೋಗನಿರೋಧಕ ವ್ಯವಸ್ಥೆ. ಮನೆಯೊಳಗಿದ್ದ ಮಗುವಿನ ಕರುಳಿನಲ್ಲಿ, ಚರ್ಮದ ಮೇಲೆ ಮತ್ತು ಮೂಗಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದವು, ಅದು ಹಾಕಿಸಿಕೊಂಡ ಲಸಿಕೆಗಳಿಗೆ ಸರಿಯಾಗಿಯೇ ಪ್ರತಿಸ್ಪಂದಿಸಿತು. ಅವಳಿಗೆ ಇಲ್ಲದಿದ್ದದ್ದು ಕೆಲವು ನಿರ್ದಿಷ್ಟ ವೈರಸ್ ಮತ್ತು ಬ್ಯಾಕ್ಟೀರಿಯಾಗಳ ಪರಿಚಯ. ಸಾಧಾರಣವಾಗಿ ಒಂದು ಎರಡನೇ ವರ್ಷದಲ್ಲಿ ಬರಬೇಕಾದ ಸೋಂಕುಗಳು ಅವಳಿಗೆ ಮೂರು ನಾಲ್ಕನೇ ವರ್ಷದಲ್ಲಿ, ಅದೂ ಗುಂಪಾಗಿ ಬಂದವು. ಇದು ಸಮುದಾಯದ ಮಟ್ಟದ ಕೊರತೆಯೇ ಹೊರತು ಒಂದೊಂದು ಮಗುವಿಗೆ ಆದ ಹಾನಿಯಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ರಕ್ತದ ಮಾದರಿಗಳನ್ನು ಹೋಲಿಸಿ ನೋಡಿದಾಗ, ಸಾಂಕ್ರಾಮಿಕದ ಅವಧಿಯಲ್ಲಿ ಮಹಿಳೆಯರಲ್ಲೂ ಹಸುಳೆಗಳಲ್ಲೂ ಆರ್‌ಎಸ್‌ವಿ ವಿರುದ್ಧದ ಪ್ರತಿಕಾಯಗಳು ಇಳಿದಿದ್ದುದು ಕಂಡುಬಂತು. ಒಂದು ವೈರಸ್ ಕುರಿತ ನೆನಪು ಮಸುಕಾಗಿತ್ತು ಎಂಬುದಕ್ಕೆ ಅದು ಸಾಕ್ಷಿ, ಇಡೀ ವ್ಯವಸ್ಥೆ ದುರ್ಬಲವಾಗಿತ್ತು ಎಂಬುದಕ್ಕಲ್ಲ.

ಎಲ್ಲವನ್ನೂ ಲಾಕ್‌ಡೌನ್ ತಲೆಗೆ ಕಟ್ಟುವವರು ಸ್ವೀಡನ್ನನ್ನು ನೆನಪಿಸಿಕೊಳ್ಳಬೇಕು. ಅಲ್ಲಿ 16 ವರ್ಷದೊಳಗಿನವರ ಶಾಲೆಗಳು 2020ರಲ್ಲಿ ಬಹುಮಟ್ಟಿಗೆ ತೆರೆದೇ ಇದ್ದವು. ಆದರೂ ಆ ಚಳಿಗಾಲದಲ್ಲಿ ಇನ್‌ಫ್ಲುಯೆಂಜಾ ಅಲ್ಲಿಯೂ ಕಾಣಿಸಿಕೊಳ್ಳಲಿಲ್ಲ, ಮತ್ತು 2022ರಲ್ಲಿ ಗ್ರೂಪ್ ಎ ಏರಿಕೆ ಕಂಡ ಐದು ದೇಶಗಳಲ್ಲಿ ಅದೂ ಒಂದು. ಪ್ರಯಾಣ ನಿಂತದ್ದು, ಅನಾರೋಗ್ಯವಾದವರು ಮನೆಯಲ್ಲೇ ಉಳಿದದ್ದು, ದೊಡ್ಡವರ ಒಡನಾಟ ತಗ್ಗಿದ್ದು ಇವೆಲ್ಲ ಸೇರಿ ಕೆಲಸ ಮಾಡಿದವು. ಯಾವ ಕ್ರಮ ಎಷ್ಟು ಪಾಲು ಎಂದು ಬಿಡಿಸಿ ಹೇಳುವವರ ಮಾತನ್ನು ನಾನು ಅನುಮಾನದಿಂದಲೇ ಕೇಳುತ್ತೇನೆ.

ನಿಧಾನವಾಗಿ ಹರಡುವ ರೋಗಾಣುಗಳು ಇನ್ನೂ ತಡವಾಗಿ ಬಂದವು. ಮೈಕೊಪ್ಲಾಸ್ಮಾ ನ್ಯುಮೋನಿಯಾ ಹಲವು ದೇಶಗಳಲ್ಲಿ 2023ರ ಕೊನೆಗೆ ಹೊರಬಿತ್ತು, ನಾಯಿಕೆಮ್ಮು 2024ರಲ್ಲಿ ದೊಡ್ಡದಾಗಿ ಹರಡಿತು. ಲಸಿಕೆ ಪಡೆಯುವ ವಯಸ್ಸಿಗಿಂತ ಚಿಕ್ಕ ಹಸುಳೆಗಳಿಗೆ ನಾಯಿಕೆಮ್ಮು ಮಾರಕ, ಆದ್ದರಿಂದಲೇ ಗರ್ಭಿಣಿಯರಿಗೆ ಅದರ ಲಸಿಕೆ ಕೊಡುವುದು.

ನನ್ನನ್ನು ಕೇಳಿದರೆ, ನಿರ್ಬಂಧಗಳಿಂದ ಮಕ್ಕಳಿಗೆ ಆದ ನಿಜವಾದ ಕೆಡುಕು ಲಸಿಕೆ ತಪ್ಪಿದ್ದು. ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯುಗಳ ಮೂರೂ ಡೋಸ್ ಪಡೆದ ಮಕ್ಕಳ ಪ್ರಮಾಣ ಜಾಗತಿಕವಾಗಿ 2019ರಲ್ಲಿ ಶೇಕಡಾ 86 ಇದ್ದದ್ದು 2021ರಲ್ಲಿ ಶೇಕಡಾ 81ಕ್ಕೆ ಇಳಿಯಿತು. ಆ ವರ್ಷ ಸುಮಾರು 2.5 ಕೋಟಿ ಮಕ್ಕಳು ಒಂದಾದರೂ ಡೋಸ್ ತಪ್ಪಿಸಿಕೊಂಡರು. ಮೂಗಿನಲ್ಲಿ ಉಳಿದೇ ಇದ್ದ ಬ್ಯಾಕ್ಟೀರಿಯಾದ ಎದುರು ನ್ಯುಮೊಕಾಕಸ್ ಅಥವಾ ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾದ ಬಿ ಬಗೆ) ಲಸಿಕೆ ಇಲ್ಲದ ಮಗುವನ್ನು ಕಾಯ್ದದ್ದು ವೈರಸ್‌ಗಳ ಗೈರುಹಾಜರಿ ಮಾತ್ರ, ಮತ್ತು ಆ ರಕ್ಷಣೆ ತಾತ್ಕಾಲಿಕವಾಗಿತ್ತು.

ಇನ್ನು ನೀವು ಮಾಡಬೇಕಾದದ್ದು. ಮಗಳನ್ನು ಶಾಲೆಯಿಂದ ದೂರ ಇಡುವ ಅಗತ್ಯವಿಲ್ಲ, ದಿನವಿಡೀ ಮಾಸ್ಕ್ ಹಾಕಿಸುವುದೂ ಬೇಡ. ಜ್ವರ ಇರುವ ದಿನ ಮನೆಯಲ್ಲಿ ಉಳಿಸಿಕೊಳ್ಳುವುದು ಮತ್ತು ಸೋಪಿನಿಂದ ಕೈ ತೊಳೆಯುವುದು ಉಪಯುಕ್ತ. ಕರಾಚಿಯ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಪು ಕೊಟ್ಟು ಕೈತೊಳೆಯಲು ಉತ್ತೇಜಿಸಿದ ಮನೆಗಳ 5 ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮೇಲೆ ಹೇಳಿದ ನಂಟಿನ ಕಾರಣ ಅದು ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನೂ ಒಂದಿಷ್ಟು ತಡೆಯುತ್ತದೆ. ಪ್ರತಿ ನೆಗಡಿಗೂ ಆ್ಯಂಟಿಬಯೋಟಿಕ್ ಕೊಡುವುದರಿಂದ ಮುಂದೆ ಬರಬಹುದಾದ ತೀವ್ರ ಸೋಂಕು ತಪ್ಪುವುದಿಲ್ಲ.

ಗಮನಿಸಬೇಕಾದದ್ದು ಎರಡನೆಯ ಜ್ವರವನ್ನು. ಫ್ಲೂ ಜ್ವರ ಇಳಿದು ಒಂದೆರಡು ದಿನ ಆಡಿಕೊಂಡಿದ್ದ ಮಗುವಿಗೆ ಮತ್ತೆ ಜ್ವರ ಏರಿದರೆ ಕಾಯಬೇಡಿ, ಅಂದೇ ತೋರಿಸಿ. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಅಥವಾ ಹೆಚ್ಚು, ಎರಡು ತಿಂಗಳು ತುಂಬಿ ವರ್ಷ ತುಂಬದ ಹಸುಳೆಯಲ್ಲಿ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಐದು ದಾಟಿದ ಮಕ್ಕಳಲ್ಲಿ ಎಣಿಕೆಗಿಂತ ಉಸಿರಿಗಾಗಿ ಅವರು ಪಡುವ ಶ್ರಮವನ್ನು ನೋಡಿ. ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಕೈಕಾಲು ತಣ್ಣಗಿದ್ದು ಮೈ ಸುಡುವುದು, ಮೂತ್ರ ತೀರಾ ಕಡಿಮೆಯಾಗುವುದು, ಗಾಜಿನ ಲೋಟದಿಂದ ಒತ್ತಿದರೂ ಬಣ್ಣ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಇವುಗಳಲ್ಲಿ ಒಂದಿದ್ದರೂ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಒಂದೇ ಒಂದು ಬಾರಿ ನ್ಯುಮೋನಿಯಾ ಆಗಿ ಪೂರ್ತಿ ಗುಣವಾದ ಮಗುವಿಗೆ ರೋಗನಿರೋಧಕ ಶಕ್ತಿಯ ವಿಶೇಷ ಪರೀಕ್ಷೆಗಳು ಸಾಮಾನ್ಯವಾಗಿ ಬೇಕಾಗುವುದಿಲ್ಲ. ತೀವ್ರ ಸೋಂಕು ಮರುಕಳಿಸಿದರೆ ಅಥವಾ ತೂಕ ಏರದಿದ್ದರೆ ಆ ಮಾತು ಬೇರೆ. ಅದಕ್ಕೆ ಮೊದಲು ಅವಳ ಲಸಿಕೆ ಕಾರ್ಡನ್ನು ತೆರೆದು 2020 ಮತ್ತು 2021ರ ಸಾಲುಗಳನ್ನು ನೋಡಿ. ಅಲ್ಲಿ ಯಾವುದಾದರೂ ಡೋಸ್ ಖಾಲಿ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಎಷ್ಟೇ ಅಂತರವಾಗಿದ್ದರೂ ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ಅವಳ ವಯಸ್ಸಿಗೆ ಇನ್ನೂ ಬೇಕಾದ ಡೋಸ್‌ಗಳನ್ನು ನಿಂತಲ್ಲಿಂದ ಮುಂದುವರಿಸಿದರೆ ಸಾಕು.